ಎರಡು ದಿನಾಂಕಗಳ ನಡುವಿನ ಅವಧಿ: ಸ್ಪ್ರೆಡ್‌ಶೀಟ್‌ನ ಲೆಕ್ಕ ಮತ್ತು ಕಾನೂನಿನ ಲೆಕ್ಕ

ಸರಕು ಖರೀದಿದಾರನಿಗೆ ತಲುಪಿದ ದಿನದಿಂದ ಹಣ ಕೈಸೇರುವ ದಿನದವರೆಗೆ ಎಷ್ಟು ದಿನಗಳಾದವು ಎಂಬ ಪ್ರಶ್ನೆ ಪ್ರತಿಯೊಂದು ಅಂಗಡಿಯಲ್ಲಿಯೂ ಪ್ರತಿಯೊಂದು ಕಾರ್ಖಾನೆಯಲ್ಲಿಯೂ ದಿನನಿತ್ಯ ಏಳುತ್ತದೆ. ಹಿಂದೆ ಗುಮಾಸ್ತರು ಕ್ಯಾಲೆಂಡರನ್ನು ಮುಂದಿಟ್ಟುಕೊಂಡು, ಮುಷ್ಟಿಯ ಗೆಣ್ಣುಗಳ ಮೇಲೆ ಮೂವತ್ತೊಂದರ ತಿಂಗಳುಗಳನ್ನು ಗುರುತಿಸಿಕೊಂಡು ಈ ಲೆಕ್ಕವನ್ನು ಮಾಡುತ್ತಿದ್ದರು. ಈಗ ಬಹುತೇಕ ಎಲ್ಲ ಕಚೇರಿಗಳಲ್ಲಿಯೂ ಈ ಕೆಲಸವನ್ನು ಎಕ್ಸೆಲ್ ಅಥವಾ ಅದರಂತಹ ಸ್ಪ್ರೆಡ್‌ಶೀಟ್ ತಂತ್ರಾಂಶವು ನಿರ್ವಹಿಸುತ್ತಿದೆ. ತಂತ್ರಾಂಶವು ಕಳೆಯುವ ಲೆಕ್ಕದಲ್ಲಿ ತಪ್ಪುವುದಿಲ್ಲ. ಆದರೆ ಯಾವ ದಿನಾಂಕದಿಂದ ಎಣಿಸಬೇಕು, ಮೊದಲನೆಯ ದಿನವನ್ನು ಸೇರಿಸಬೇಕೇ ಬೇಡವೇ, ತಿಂಗಳೆಂದರೆ ಮೂವತ್ತು ದಿನವೇ ಎಂಬ ವಿಷಯಗಳನ್ನು ಅದು ತಾನಾಗಿ ತೀರ್ಮಾನಿಸುವುದಿಲ್ಲ. ಈ ತೀರ್ಮಾನಗಳು ಕಾನೂನಿನಲ್ಲಿಯೋ ಕರಾರಿನಲ್ಲಿಯೋ ಇರುತ್ತವೆ. ಒಂದೇ ಒಂದು ದಿನದ ವ್ಯತ್ಯಾಸದಿಂದ ಬಡ್ಡಿಯ ಹಕ್ಕು, ತೆರಿಗೆಯ ವಿನಾಯಿತಿ ಅಥವಾ ದಾವೆಯ ಅವಕಾಶ ಕೈತಪ್ಪಬಹುದಾದ ಕಾರಣ ಈ ಲೆಕ್ಕವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಸೂಕ್ತ.

ಇಲ್ಲಿ ಸೂತ್ರಗಳ ಹೆಸರುಗಳನ್ನೂ ಕಾಲಂಗಳ ಅಕ್ಷರಗಳನ್ನೂ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಗಣಕಯಂತ್ರದಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡತಕ್ಕದ್ದು.

ದಿನಾಂಕವೆಂಬುದು ಒಂದು ಸಂಖ್ಯೆ

ಎಕ್ಸೆಲ್ ತಂತ್ರಾಂಶವು ಪ್ರತಿಯೊಂದು ದಿನಾಂಕವನ್ನೂ ಒಂದು ಕ್ರಮಸಂಖ್ಯೆಯಾಗಿ ಸಂಗ್ರಹಿಸುತ್ತದೆ. 1900ರ ಜನವರಿ 1ನೇ ದಿನಾಂಕಕ್ಕೆ 1 ಎಂಬ ಸಂಖ್ಯೆ. ಅಲ್ಲಿಂದ ದಿನಕ್ಕೊಂದರಂತೆ ಏರುತ್ತಾ ಬಂದು 2025ರ ಏಪ್ರಿಲ್ 1ಕ್ಕೆ 45748 ಆಗುತ್ತದೆ. ನಮ್ಮ ಕಣ್ಣಿಗೆ 1-4-2025 ಎಂದು ಕಾಣುವುದು ಆ ಸಂಖ್ಯೆಯ ಮೇಲೆ ಹೊದಿಸಿದ ಉಡುಪು ಮಾತ್ರ. (1900ನೇ ವರ್ಷವು ಅಧಿಕ ವರ್ಷವಲ್ಲದಿದ್ದರೂ ಎಕ್ಸೆಲ್ ಅದಕ್ಕೆ ಫೆಬ್ರವರಿ 29ನ್ನು ಕೊಟ್ಟಿದೆ. ಅದಕ್ಕೂ ಮೊದಲು ಬಳಕೆಯಲ್ಲಿದ್ದ ಲೋಟಸ್ 1-2-3 ತಂತ್ರಾಂಶದೊಡನೆ ಹೊಂದಿಕೊಳ್ಳಲೆಂದು ಉಳಿಸಿಕೊಂಡ ತಪ್ಪು ಅದು. ಇಂದಿನ ವ್ಯವಹಾರಗಳಿಗೆ ಅದರಿಂದ ಬಾಧೆಯಿಲ್ಲ.)

ಆದುದರಿಂದ ಎರಡು ದಿನಾಂಕಗಳ ನಡುವಿನ ದಿನಗಳನ್ನು ತಿಳಿಯಲು ವಿಶೇಷ ಸೂತ್ರವೇನೂ ಬೇಕಿಲ್ಲ. ಎ2 ಕೋಶದಲ್ಲಿ 1-4-2025, ಬಿ2 ಕೋಶದಲ್ಲಿ 16-5-2025 ಇದ್ದರೆ =ಬಿ2-ಎ2 ಎಂದು ಬರೆದರೆ 45 ಎಂಬ ಉತ್ತರ ಬರುತ್ತದೆ. ಕೆಲವೊಮ್ಮೆ ಉತ್ತರದ ಕೋಶದಲ್ಲಿ 45ರ ಬದಲು 14-02-1900 ಎಂದು ಕಾಣಿಸಿಕೊಂಡು ಗಾಬರಿ ಹುಟ್ಟಿಸುವುದುಂಟು. 45ನೇ ಕ್ರಮಸಂಖ್ಯೆಯ ದಿನವೇ ಅದು. ಕೋಶದ ಫಾರ್ಮ್ಯಾಟನ್ನು ಡೇಟ್ ಎಂಬುದರಿಂದ ಜನರಲ್ ಎಂಬುದಕ್ಕೆ ಬದಲಾಯಿಸಿದರೆ 45 ಕಾಣಿಸುತ್ತದೆ.

ನಿಜವಾದ ಅಪಾಯವಿರುವುದು ದಿನಾಂಕವನ್ನು ನಮೂದಿಸುವ ಹಂತದಲ್ಲಿ. ಗಣಕಯಂತ್ರವು ಅಮೆರಿಕದ ಪದ್ಧತಿಗೆ, ಅಂದರೆ ತಿಂಗಳು ಮೊದಲು ದಿನ ಅನಂತರ ಎಂಬ ಕ್ರಮಕ್ಕೆ ಹೊಂದಿಸಲ್ಪಟ್ಟಿದ್ದರೆ, ಜೂನ್ 5 ಎಂಬ ಉದ್ದೇಶದಿಂದ ಟೈಪ್ ಮಾಡಿದ 05/06/2025 ಮೇ 6 ಆಗಿಬಿಡುತ್ತದೆ. ಬಿಲ್ಲು ಯಾರಿಗೂ ತಿಳಿಯದಂತೆ 30 ದಿನ ಹಳೆಯದಾಗುತ್ತದೆ. 13/06/2025 ಎಂದು ಬರೆದರೆ ಹದಿಮೂರನೆಯ ತಿಂಗಳಿಲ್ಲವಾದ್ದರಿಂದ ಅದು ದಿನಾಂಕವಾಗದೆ ಬರಿಯ ಅಕ್ಷರಗಳಾಗಿ ಉಳಿಯುತ್ತದೆ. ಕಳೆಯಲು ಹೋದಾಗ ದೋಷದ ಸೂಚನೆ ಬರುತ್ತದೆ. ಈ ಎರಡನೆಯದು ಉಪಕಾರಿ ತಪ್ಪು, ಏಕೆಂದರೆ ಅದು ಕಣ್ಣಿಗೆ ಬೀಳುತ್ತದೆ. ಮೊದಲನೆಯದು ಬೀಳುವುದಿಲ್ಲ. ಪ್ರತಿ ತಿಂಗಳ ಮೊದಲ 12 ದಿನಗಳಂತೆ ವರ್ಷಕ್ಕೆ 144 ದಿನಾಂಕಗಳು. ಅವುಗಳಲ್ಲಿ ದಿನವೂ ತಿಂಗಳೂ ಒಂದೇ ಆಗಿರುವ 12ನ್ನು ಬಿಟ್ಟರೆ 132 ದಿನಾಂಕಗಳು ಸದ್ದಿಲ್ಲದೆ ಅದಲುಬದಲಾಗಬಲ್ಲವು. ಕಂಟ್ರೋಲ್ ಪ್ಯಾನೆಲ್‌ನಲ್ಲಿರುವ ರೀಜನ್ ಎಂಬ ವಿಭಾಗದಲ್ಲಿ ಇಂಡಿಯಾ ಎಂದು ಆಯ್ಕೆ ಮಾಡಿರುವುದನ್ನು ಪ್ರತಿ ಯಂತ್ರದಲ್ಲಿಯೂ ಒಮ್ಮೆ ಖಚಿತಪಡಿಸಿಕೊಳ್ಳಬೇಕು.

ನಮ್ಮಲ್ಲಿ ರೂಢಿಯಲ್ಲಿರುವ 05.06.2025 ಎಂಬ ಚುಕ್ಕಿಯ ಬರಹವನ್ನೂ ಎಕ್ಸೆಲ್ ಅನೇಕ ಸಂದರ್ಭಗಳಲ್ಲಿ ದಿನಾಂಕವೆಂದು ಒಪ್ಪುವುದಿಲ್ಲ. ಗುರುತಿಸುವ ಉಪಾಯ ಸುಲಭವಾಗಿದೆ. ಬೇರಾವ ಜೋಡಣೆಯನ್ನೂ ಮಾಡದ ಕೋಶದಲ್ಲಿ ನಿಜವಾದ ದಿನಾಂಕವು ಬಲಕ್ಕೆ ಒತ್ತಿ ನಿಲ್ಲುತ್ತದೆ, ಅಕ್ಷರವಾಗಿ ಉಳಿದದ್ದು ಎಡಕ್ಕೆ ಒತ್ತಿ ನಿಲ್ಲುತ್ತದೆ. ಹಾಗೆ ಅಕ್ಷರವಾಗಿ ಉಳಿದ ಇಡೀ ಕಾಲಂ ಅನ್ನು ಡೇಟಾ ಮೆನುವಿನ ಟೆಕ್ಸ್ಟ್ ಟು ಕಾಲಮ್ಸ್ ಎಂಬ ಸೌಲಭ್ಯದ ಕೊನೆಯ ಹಂತದಲ್ಲಿ ದಿನ-ತಿಂಗಳು-ವರ್ಷ ಎಂಬ ಕ್ರಮವನ್ನು ಆಯ್ದು ಒಮ್ಮೆಲೇ ಸರಿಪಡಿಸಬಹುದು. ಆದರೆ ಈಗಾಗಲೇ ಅದಲುಬದಲಾಗಿ ದಿನಾಂಕವಾಗಿಬಿಟ್ಟಿರುವುದನ್ನು ಈ ಸೌಲಭ್ಯವು ಸರಿಪಡಿಸಲಾರದು. ಅಂತಹವನ್ನು ಮೂಲ ಬಿಲ್ಲಿನೊಡನೆ ತಾಳೆ ನೋಡಿ ಮತ್ತೆ ನಮೂದಿಸುವುದೇ ಕ್ಷೇಮಕರ.

ಮೊದಲನೆಯ ದಿನದ ಪ್ರಶ್ನೆ

ವಾರಕ್ಕೊಮ್ಮೆ ನೆರೆಯುವ ಸಂತೆಯನ್ನು ನಮ್ಮ ಜನ ‘ಎಂಟು ದಿನಕ್ಕೊಮ್ಮೆ’ ಎನ್ನುತ್ತಾರೆ. ಎರಡು ವಾರಗಳಿಗೆ ‘ಹದಿನೈದು ದಿನ’ ಎನ್ನುತ್ತಾರೆ. ಸೋಮವಾರದಿಂದ ಸೋಮವಾರಕ್ಕೆ ಎಣಿಸುವಾಗ ಎರಡೂ ಸೋಮವಾರಗಳನ್ನು ಸೇರಿಸಿಕೊಳ್ಳುವುದು ಆಡುಮಾತಿನ ರೂಢಿ. ಸ್ಪ್ರೆಡ್‌ಶೀಟ್‌ನಲ್ಲಿ ಕಳೆದರೆ ಏಳು ಮತ್ತು ಹದಿನಾಲ್ಕು ಬರುತ್ತವೆ. ಅಂದರೆ ಮೊದಲನೆಯ ದಿನ ಲೆಕ್ಕಕ್ಕೆ ಸೇರಿರುವುದಿಲ್ಲ, ಕೊನೆಯ ದಿನ ಸೇರಿರುತ್ತದೆ.

ಭಾರತದ ಕಾನೂನು ಈ ವಿಷಯದಲ್ಲಿ ಸ್ಪ್ರೆಡ್‌ಶೀಟ್‌ನ ಪಕ್ಷದಲ್ಲಿದೆ. 1897ರ ಜನರಲ್ ಕ್ಲಾಸಸ್ ಅಧಿನಿಯಮದ 9ನೇ ಕಲಮಿನ ಪ್ರಕಾರ, ಕೇಂದ್ರದ ಅಧಿನಿಯಮವೊಂದರಲ್ಲಿ ಇಂತಹ ದಿನ‘ದಿಂದ’ ಎಂಬ ಅರ್ಥದ ಇಂಗ್ಲಿಷ್ ಪದವನ್ನು ಬಳಸಿದರೆ ಆ ಮೊದಲನೆಯ ದಿನವನ್ನು ಬಿಟ್ಟು ಎಣಿಸಿದಂತಾಗುತ್ತದೆ. 1963ರ ಪರಿಮಿತಿ ಅಧಿನಿಯಮದ 12ನೇ ಕಲಮು ದಾವೆಗಳ ಕಾಲಮಿತಿಗೂ ಇದೇ ಕ್ರಮವನ್ನು ವಿಧಿಸುತ್ತದೆ. ಹೀಗಾಗಿ ಕಾನೂನಿನ ಗಡುವುಗಳಿಗೆ ಸಾಮಾನ್ಯವಾಗಿ ಬರಿಯ ಕಳೆಯುವಿಕೆಯೇ ಸಾಕು.

ಆದರೆ ಗೋದಾಮಿನ ಬಾಡಿಗೆ, ಯಂತ್ರದ ಬಾಡಿಗೆ, ಕಾರ್ಮಿಕರ ಹಾಜರಿ ಮುಂತಾದವುಗಳಲ್ಲಿ ಎರಡೂ ತುದಿಯ ದಿನಗಳನ್ನು ಸೇರಿಸುವುದು ವಾಡಿಕೆ. ಏಪ್ರಿಲ್ 1ರಂದು ಒಳಬಂದು 16ರಂದು ಹೊರಹೋದ ಸರಕಿಗೆ ಕಳೆಯುವ ಲೆಕ್ಕದಲ್ಲಿ 15 ದಿನ, ಗೋದಾಮಿನವರ ಲೆಕ್ಕದಲ್ಲಿ 16 ದಿನ. ಇಂತಹ ಕಡೆ ಸೂತ್ರದ ಕೊನೆಗೆ +1 ಎಂದು ಸೇರಿಸಬೇಕು. ಕರಾರಿನಲ್ಲಿ ಇದನ್ನು ಸ್ಪಷ್ಟವಾಗಿ ಬರೆದುಕೊಳ್ಳುವವರು ವಿರಳ. ವರ್ಷದ ಕೊನೆಯಲ್ಲಿ ಜಗಳವಾಡುವವರು ಧಾರಾಳ.

ನಲವತ್ತೈದು ದಿನಗಳ ಗಡುವು

ಸಣ್ಣ ಉತ್ಪಾದಕರ ಪಾಲಿಗೆ ದಿನಗಳ ಎಣಿಕೆ ಅತ್ಯಂತ ಬೆಲೆಯುಳ್ಳದ್ದಾಗುವುದು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮದ ಸಂದರ್ಭದಲ್ಲಿ. ಅದರ 15ನೇ ಕಲಮಿನ ಪ್ರಕಾರ ಸೂಕ್ಷ್ಮ ಅಥವಾ ಸಣ್ಣ ಉದ್ಯಮವು ಪೂರೈಸಿದ ಸರಕಿಗೆ ಖರೀದಿದಾರನು ಲಿಖಿತವಾಗಿ ಒಪ್ಪಿದ ದಿನಾಂಕದೊಳಗೆ ಹಣ ಪಾವತಿಸಬೇಕು. ಒಪ್ಪಂದದಲ್ಲಿ ಏನೇ ಬರೆದಿದ್ದರೂ ಆ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನಗಳು ಮಾತ್ರ. ಈ ಹಕ್ಕು ಮಧ್ಯಮ ಉದ್ಯಮಗಳಿಗಿಲ್ಲ. 2021ರ ಜುಲೈನಲ್ಲಿ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿಗೆ ಅವಕಾಶವಾದರೂ ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕೆ ಸೀಮಿತಗೊಳಿಸಲಾಯಿತು. ಆದರೆ ಅದೇ ವ್ಯಾಪಾರಿ ಸಣ್ಣ ಕಾರ್ಖಾನೆಯಿಂದ ಖರೀದಿಸುವಾಗ ಗಡುವು ಅವರಿಗೂ ಅನ್ವಯಿಸುತ್ತದೆ.

ಎಣಿಕೆ ಆರಂಭವಾಗುವುದು ಬಿಲ್ಲಿನ ದಿನಾಂಕದಿಂದಲ್ಲ ಎಂಬುದನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಸರಕು ವಾಸ್ತವವಾಗಿ ತಲುಪಿದ ದಿನವೇ ಸ್ವೀಕಾರದ ದಿನ. ತಲುಪಿದ 15 ದಿನಗಳೊಳಗೆ ಖರೀದಿದಾರನು ಲಿಖಿತವಾಗಿ ಆಕ್ಷೇಪಣೆ ಎತ್ತಿದ್ದರೆ ಮಾತ್ರ, ಪೂರೈಕೆದಾರನು ಆ ಆಕ್ಷೇಪಣೆಯನ್ನು ನಿವಾರಿಸಿದ ದಿನವು ಸ್ವೀಕಾರದ ದಿನವಾಗುತ್ತದೆ. ಲೆಕ್ಕಪತ್ರ ತಂತ್ರಾಂಶಗಳು ಬಾಕಿ ಬಿಲ್ಲುಗಳ ವಯಸ್ಸನ್ನು ಸಾಮಾನ್ಯವಾಗಿ ಬಿಲ್ಲಿನ ದಿನಾಂಕದಿಂದ ತೋರಿಸುವುದರಿಂದ, ಸ್ಪ್ರೆಡ್‌ಶೀಟ್‌ನಲ್ಲಿ ಸ್ವೀಕಾರದ ದಿನಾಂಕಕ್ಕೆಂದೇ ಪ್ರತ್ಯೇಕ ಕಾಲಂ ಇರಿಸುವುದು ಅನಿವಾರ್ಯ.

ಎ ಕಾಲಂನಲ್ಲಿ ಬಿಲ್ಲಿನ ದಿನಾಂಕ, ಬಿ ಕಾಲಂನಲ್ಲಿ ಸ್ವೀಕಾರದ ದಿನಾಂಕ, ಸಿ ಕಾಲಂನಲ್ಲಿ ಲಿಖಿತ ಒಪ್ಪಂದದ ದಿನಗಳು, ಡಿ ಕಾಲಂನಲ್ಲಿ ಗಡುವು, ಇ ಕಾಲಂನಲ್ಲಿ ಹಣ ಬಂದ ದಿನಾಂಕ, ಎಫ್ ಕಾಲಂನಲ್ಲಿ ವಿಳಂಬದ ದಿನಗಳು, ಜಿ ಕಾಲಂನಲ್ಲಿ ಮೊತ್ತ ಎಂದಿಟ್ಟುಕೊಳ್ಳಬಹುದು. ಆಗ ಡಿ2 ಕೋಶದ ಸೂತ್ರ ಹೀಗಿರುತ್ತದೆ:

=ಬಿ2+ಇಫ್(ಸಿ2="",15,ಮಿನ್(ಸಿ2,45))

ಒಪ್ಪಂದದ ಕೋಶ ಖಾಲಿಯಿದ್ದರೆ 15 ದಿನ. ಇದ್ದರೆ ಆ ದಿನಗಳು ಅಥವಾ 45, ಇವೆರಡರಲ್ಲಿ ಕಡಿಮೆಯಾದುದು. ಖರೀದಿ ಆದೇಶದಲ್ಲಿ 90 ದಿನ ಎಂದು ಮುದ್ರಿಸಿದ್ದರೂ ಸೂತ್ರವು 45ಕ್ಕೇ ನಿಲ್ಲುತ್ತದೆ. ಎಫ್2 ಕೋಶದಲ್ಲಿ:

=ಮ್ಯಾಕ್ಸ್(0,ಇಫ್(ಇ2="",ಟುಡೇ(),ಇ2)-ಡಿ2)

ಹಣ ಬಾರದಿರುವವರೆಗೆ ವಿಳಂಬವು ದಿನದಿನವೂ ತಾನಾಗಿಯೇ ಏರುತ್ತದೆ. ಇ2 ಕೋಶದಲ್ಲಿ ದಿನಾಂಕ ತುಂಬಿದ ಕೂಡಲೇ ಸ್ಥಿರವಾಗುತ್ತದೆ.

ಪೀಣ್ಯದಲ್ಲಿರುವ ಯಂತ್ರಭಾಗಗಳ ಸಣ್ಣ ಘಟಕವೊಂದು 2,00,000 ರೂ. ಬೆಲೆಯ ಸರಕನ್ನು 2025ರ ಏಪ್ರಿಲ್ 1ರಂದು ತಲುಪಿಸಿತೆಂದೂ ಆಗಸ್ಟ್ 16ರಂದು ಹಣ ಬಂದಿತೆಂದೂ ಭಾವಿಸೋಣ. 45 ದಿನಗಳ ಲಿಖಿತ ಒಪ್ಪಂದವಿದ್ದರೆ ಗಡುವು ಮೇ 16, ವಿಳಂಬ 92 ದಿನಗಳು. ಒಪ್ಪಂದವಿಲ್ಲದಿದ್ದರೆ ಗಡುವು ಏಪ್ರಿಲ್ 16, ವಿಳಂಬ 122 ದಿನಗಳು. ಅಧಿನಿಯಮದ 16ನೇ ಕಲಮು ಇಂತಹ ವಿಳಂಬಕ್ಕೆ ರಿಸರ್ವ್ ಬ್ಯಾಂಕ್ ಅಧಿಸೂಚಿಸುವ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿಯನ್ನು ವಿಧಿಸುತ್ತದೆ. ಲೆಕ್ಕದ ಅನುಕೂಲಕ್ಕಾಗಿ ಬ್ಯಾಂಕ್ ದರವನ್ನು ಶೇ. 6 ಎಂದು ಹಿಡಿದರೆ ಬಡ್ಡಿಯ ದರ ವರ್ಷಕ್ಕೆ ಶೇ. 18, ತಿಂಗಳಿಗೆ ಶೇ. 1.5. ವಿಳಂಬವಾದ ಬಿಲ್ಲುಗಳ ಸಾಲಿನಲ್ಲಿ ಸೂತ್ರ:

=ಜಿ2*(1+18%/12)^ಡೇಟ್‌ಡಿಫ್(ಡಿ2,ಇ2,"ಎಂ")-ಜಿ2

ಒಪ್ಪಂದವಿದ್ದಾಗ ಮೂರು ಪೂರ್ಣ ತಿಂಗಳಿಗೆ 9,136 ರೂ. ಬಡ್ಡಿ ಬರುತ್ತದೆ. ಒಪ್ಪಂದವಿಲ್ಲದಾಗ ನಾಲ್ಕು ತಿಂಗಳಿಗೆ 12,273 ರೂ. ಒಂದೇ ಸರಕು, ಒಂದೇ ಪಾವತಿ. ಖರೀದಿ ಆದೇಶದ ಒಂದು ಸಾಲಿನಿಂದ 3,137 ರೂ. ವ್ಯತ್ಯಾಸ. ತಿಂಗಳು ತುಂಬದೆ ಉಳಿದ ಬಿಡಿ ದಿನಗಳಿದ್ದರೆ ಅವುಗಳಿಗೆ ಬೇರೆಯಾಗಿ ಲೆಕ್ಕ ಹಾಕಿ ಸೇರಿಸಬೇಕಾಗುತ್ತದೆ. ಸಣ್ಣ ಘಟಕಗಳು ದೊಡ್ಡ ಗಿರಾಕಿಯನ್ನು ಕಳೆದುಕೊಳ್ಳುವ ಭಯದಿಂದ ಈ ಬಡ್ಡಿಯನ್ನು ಕೇಳಲು ಹಿಂಜರಿಯುವುದು ಎಲ್ಲರಿಗೂ ತಿಳಿದ ಸಂಗತಿ. ಆದರೂ ಲೆಕ್ಕ ಸಿದ್ಧವಾಗಿರುವುದು ಮಾತುಕತೆಯ ವೇಳೆಯಲ್ಲಿ ಉಪಯೋಗಕ್ಕೆ ಬರುತ್ತದೆ.

ಖರೀದಿಸುವವರ ಕಡೆಯಿಂದ ನೋಡಿದರೆ ಪಣ ಇನ್ನೂ ದೊಡ್ಡದು. 2023ರ ಹಣಕಾಸು ಅಧಿನಿಯಮದ ಮೂಲಕ ಬಂದು 2023-24ರ ಲೆಕ್ಕದ ವರ್ಷದಿಂದ ಅನ್ವಯವಾದ ಆದಾಯ ತೆರಿಗೆಯ ನಿಯಮದಂತೆ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಈ ಗಡುವನ್ನು ಮೀರಿ ಪಾವತಿಸಿದ ಮೊತ್ತವನ್ನು ವಾಸ್ತವವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ವೆಚ್ಚವೆಂದು ಕಳೆಯಬಹುದು. 2025ರ ಫೆಬ್ರವರಿ 20ರಂದು ಬಂದ ಸರಕಿಗೆ 45 ದಿನಗಳ ಲಿಖಿತ ಒಪ್ಪಂದವಿದ್ದರೆ ಗಡುವು ಏಪ್ರಿಲ್ 6. ಅಂದು ಪಾವತಿಸಿದ್ದರೆ ವೆಚ್ಚ 2024-25ಕ್ಕೇ ಸೇರುತ್ತದೆ. ಏಪ್ರಿಲ್ 7ರಂದು ಪಾವತಿಸಿದ್ದರೆ ಖರೀದಿಯ ಇಡೀ ಮೊತ್ತ ಮುಂದಿನ ವರ್ಷಕ್ಕೆ ಜಾರಿ, ಆ ವರ್ಷದ ಲಾಭ ಅಷ್ಟರಮಟ್ಟಿಗೆ ಉಬ್ಬಿ ತೆರಿಗೆ ಬೀಳುತ್ತದೆ.

ತಂತ್ರಾಂಶಗಳಿಂದ ಎಕ್ಸೆಲ್‌ಗೆ ಇಳಿಸಿಕೊಂಡ ಪಟ್ಟಿಗಳಲ್ಲಿ ದಿನಾಂಕದೊಡನೆ ಗಂಟೆಯೂ ಅಡಗಿರಬಹುದೆಂಬುದು ಇಲ್ಲಿ ನೆನಪಿರಬೇಕು. ಎಕ್ಸೆಲ್ ಗಂಟೆಯನ್ನು ದಿನದ ಭಿನ್ನಾಂಶವಾಗಿ ಇಡುತ್ತದೆ. ಬೆಳಿಗ್ಗೆ 11 ಗಂಟೆಗೆ ತಲುಪಿದ ಸರಕಿಗೆ 45ನೇ ದಿನದ ಸಂಜೆ 6-30ಕ್ಕೆ ಹಣ ಸಂದಾಯವಾದರೆ ವ್ಯತ್ಯಾಸ 45.3125 ಆಗುತ್ತದೆ. ದಶಮಾಂಶವಿಲ್ಲದ ಫಾರ್ಮ್ಯಾಟ್‌ನಲ್ಲಿ ಅದು 45 ಎಂದೇ ಕಾಣುತ್ತದೆ. ಆದರೆ 45ಕ್ಕಿಂತ ಹೆಚ್ಚೇ ಎಂದು ಪರೀಕ್ಷಿಸುವ ಸೂತ್ರವು ಆ ಬಿಲ್ಲನ್ನು ವಿಳಂಬದ ಪಟ್ಟಿಗೆ ಸೇರಿಸಿಬಿಡುತ್ತದೆ. ಕಳೆಯುವ ಮುನ್ನ ಎರಡು ದಿನಾಂಕಗಳಿಗೂ ಇಂಟ್ ಎಂಬ ಸೂತ್ರವನ್ನು ಅನ್ವಯಿಸಿ ಗಂಟೆಯ ಭಾಗವನ್ನು ಕತ್ತರಿಸಬೇಕು.

ತಿಂಗಳೆಂದರೆ ಮೂವತ್ತು ದಿನವಲ್ಲ

ಕಾನೂನು ‘ದಿನ’ ಎಂದಾಗ ದಿನಗಳನ್ನೇ, ‘ತಿಂಗಳು’ ಎಂದಾಗ ತಿಂಗಳನ್ನೇ ಎಣಿಸಬೇಕು. ಒಂದನ್ನು ಇನ್ನೊಂದಕ್ಕೆ ಪರಿವರ್ತಿಸಬಾರದು. ಜನರಲ್ ಕ್ಲಾಸಸ್ ಅಧಿನಿಯಮದಲ್ಲಿ ತಿಂಗಳೆಂದರೆ ಬ್ರಿಟಿಷ್ ಕ್ಯಾಲೆಂಡರಿನ ತಿಂಗಳು.

ಚೆಕ್ ಅಮಾನ್ಯತೆಯ ಪ್ರಕರಣಗಳಲ್ಲಿ ಈ ಎರಡೂ ಬಗೆಯ ಎಣಿಕೆಗಳು ಒಂದರ ಹಿಂದೊಂದು ಬರುತ್ತವೆ. ಚೆಕ್ ಹಿಂದಿರುಗಿದ ಮಾಹಿತಿ ಬ್ಯಾಂಕಿನಿಂದ ತಲುಪಿದ 30 ದಿನಗಳೊಳಗೆ ನೋಟೀಸು ಕೊಡಬೇಕು. ನೋಟೀಸು ತಲುಪಿದ 15 ದಿನಗಳೊಳಗೆ ಹಣ ಬಾರದಿದ್ದರೆ ದೂರಿಗೆ ಕಾರಣ ಹುಟ್ಟುತ್ತದೆ. ಅಲ್ಲಿಂದ ಒಂದು ತಿಂಗಳೊಳಗೆ ದೂರು ಸಲ್ಲಿಸಬೇಕು. ಸುಪ್ರೀಂ ಕೋರ್ಟು 1999ರಲ್ಲಿ ತೀರ್ಮಾನಿಸಿದ ಸಾಕೇತ್ ಇಂಡಿಯಾ ಪ್ರಕರಣದಲ್ಲಿ ನೋಟೀಸು ತಲುಪಿದ್ದು 1995ರ ಸೆಪ್ಟೆಂಬರ್ 29ರಂದು. 15 ದಿನಗಳು ಅಕ್ಟೋಬರ್ 14ಕ್ಕೆ ಮುಗಿದವು. ಕಾರಣ ಹುಟ್ಟಿದ್ದು ಅಕ್ಟೋಬರ್ 15ರಂದು, ದೂರು ಸಲ್ಲಿಕೆಯಾದದ್ದು ನವೆಂಬರ್ 15ರಂದು. ಅಕ್ಟೋಬರ್ 15ನ್ನೂ ಸೇರಿಸಿ ಎಣಿಸಿದರೆ ತಿಂಗಳು ನವೆಂಬರ್ 14ಕ್ಕೇ ಮುಗಿದು ದೂರು ಒಂದು ದಿನ ತಡವಾಗುತ್ತಿತ್ತು. ನ್ಯಾಯಾಲಯವು ಮೊದಲನೆಯ ದಿನವನ್ನು ಬಿಟ್ಟು ಎಣಿಸಬೇಕೆಂದು ಹೇಳಿ ದೂರು ಕಾಲಮಿತಿಯೊಳಗಿದೆಯೆಂದು ತೀರ್ಮಾನಿಸಿತು. 2013ರಲ್ಲಿ ಇಕಾನ್ ಆಂಟ್ರಿ ಪ್ರಕರಣದಲ್ಲಿ ಈ ನಿಲುವನ್ನು ಎತ್ತಿಹಿಡಿಯಲಾಯಿತು.

ಇದೇ ದಿನಾಂಕಗಳನ್ನು ಸ್ಪ್ರೆಡ್‌ಶೀಟ್‌ನಲ್ಲಿ ಕಳೆದರೆ 31 ಬರುತ್ತದೆ. ತಿಂಗಳೆಂದರೆ 30 ಎಂದು ಸೂತ್ರದಲ್ಲಿ ಬರೆದಿಟ್ಟುಕೊಂಡ ಕಚೇರಿಯು ಅವಧಿ ಮುಗಿಯಿತೆಂದು ಕಡತವನ್ನು ಮುಚ್ಚಿಬಿಡುತ್ತಿತ್ತು. ಇಂತಹ ಗಡುವಿಗೆ ಇಡೇಟ್ ಎಂಬ ಸೂತ್ರವೇ ಸರಿ. =ಇಡೇಟ್(ಬಿ2,1) ಎಂದರೆ ಬಿ2ರಲ್ಲಿರುವ ದಿನಾಂಕಕ್ಕೆ ಒಂದು ಕ್ಯಾಲೆಂಡರ್ ತಿಂಗಳು ಮುಂದಿನ ದಿನಾಂಕ: ಅಕ್ಟೋಬರ್ 15ಕ್ಕೆ ನವೆಂಬರ್ 15. ಸಾಲದ ಮೇಲೆ ಮಾರಿದ ಸರಕಿನ ಬಾಕಿಗಾಗಿ ದಾವೆ ಹೂಡಲು ಇರುವ ಮೂರು ವರ್ಷಗಳ ಮಿತಿಯನ್ನೂ 36 ಎಂದು ಕೊಟ್ಟು ಇದರಿಂದಲೇ ತಿಳಿಯಬಹುದು.

ತಿಂಗಳ ಕೊನೆಯ ದಿನಗಳಲ್ಲಿಯೂ ಇಡೇಟ್ ನಂಬಿಕೆಗೆ ಅರ್ಹ. ಜನವರಿ 29ರ ದಿನಾಂಕವುಳ್ಳ, ಒಂದು ತಿಂಗಳ ಮುದ್ದತಿನ ವಿನಿಮಯ ಪತ್ರವು ಅಧಿಕವಲ್ಲದ ವರ್ಷದಲ್ಲಿ ಯಾವಾಗ ಪಕ್ವವಾಗುತ್ತದೆ? 1881ರ ವರ್ಗಾವಣೀಯ ಪತ್ರಗಳ ಅಧಿನಿಯಮದ ಪ್ರಕಾರ, ಆ ತಿಂಗಳಲ್ಲಿ ಸಮಾನ ದಿನಾಂಕವಿಲ್ಲದಿದ್ದರೆ ಅದರ ಕೊನೆಯ ದಿನ, ಅದರ ಮೇಲೆ ಮೂರು ಅನುಗ್ರಹ ದಿನಗಳು. ಇಡೇಟ್ ಕೂಡ ಹಾಗೆಯೇ ಫೆಬ್ರವರಿ 28ನ್ನು ಕೊಡುತ್ತದೆ; =ಇಡೇಟ್(ಬಿ2,1)+3 ಎಂದರೆ ಮಾರ್ಚ್ 3. ಅಂದು ಸಾರ್ವಜನಿಕ ರಜೆಯಿದ್ದರೆ ಹಿಂದಿನ ಕೆಲಸದ ದಿನವೇ ಪಕ್ವತೆಯ ದಿನವಾಗುತ್ತದೆ, ಮುಂದಿನದಲ್ಲ. ಅದನ್ನು ಸೂತ್ರಕ್ಕೆ ಬಿಡದೆ ಕಣ್ಣಿನಿಂದಲೇ ನೋಡಿಕೊಳ್ಳುವುದು ಒಳ್ಳೆಯದು.

ಇದಕ್ಕೆ ವಿರುದ್ಧವಾದ ಉದಾಹರಣೆ ಜಿಎಸ್‌ಟಿಯಲ್ಲಿದೆ. ಪೂರೈಕೆದಾರನಿಗೆ ಬಿಲ್ಲಿನ ದಿನಾಂಕದಿಂದ 180 ದಿನಗಳೊಳಗೆ ಹಣ ಪಾವತಿಸದಿದ್ದರೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಬಡ್ಡಿಸಹಿತ ಹಿಂದಿರುಗಿಸಬೇಕು. ಇಲ್ಲಿರುವುದು ದಿನಗಳು, ಎಣಿಕೆಯ ಆರಂಭವೂ ಸ್ವೀಕಾರದಿಂದಲ್ಲ, ಎ ಕಾಲಂನಲ್ಲಿರುವ ಬಿಲ್ಲಿನ ದಿನಾಂಕದಿಂದ. ಬಹಳ ಮಂದಿ ಇದನ್ನು ಆರು ತಿಂಗಳೆಂದು ನೆನಪಿಟ್ಟುಕೊಳ್ಳುತ್ತಾರೆ. 2025ರ ಮಾರ್ಚ್ 1ರ ಬಿಲ್ಲಿಗೆ ಆರು ತಿಂಗಳೆಂದರೆ ಸೆಪ್ಟೆಂಬರ್ 1, ಅಂದರೆ 184ನೇ ದಿನ. 180 ದಿನಗಳು ಆಗಸ್ಟ್ 28ಕ್ಕೇ ತುಂಬುತ್ತವೆ. =ಎ2+180 ಎಂಬುದೇ ಇಲ್ಲಿ ಸರಿಯಾದ ಸೂತ್ರ.

ಇನ್ನೆರಡು ಸೂತ್ರಗಳು

ಬಡ್ಡಿಯ ಲೆಕ್ಕದಲ್ಲಿ ಬಳಸಿದ ಡೇಟ್‌ಡಿಫ್ ಸೂತ್ರವು ಎಕ್ಸೆಲ್‌ನ ಸೂತ್ರಗಳ ಪಟ್ಟಿಯಲ್ಲಿ ಕಾಣಸಿಗುವುದಿಲ್ಲ. ಡಿ-ಎ-ಟಿ-ಇ-ಡಿ-ಐ-ಎಫ್ ಎಂದು ಪೂರ್ಣವಾಗಿ ಟೈಪ್ ಮಾಡಬೇಕು. ಅದರಲ್ಲಿ ವೈ ಎಂಬ ಸಂಕೇತವು ಪೂರ್ಣ ವರ್ಷಗಳನ್ನೂ ಎಂ ಪೂರ್ಣ ತಿಂಗಳುಗಳನ್ನೂ ಡಿ ದಿನಗಳನ್ನೂ ಕೊಡುತ್ತದೆ. ತಿಂಗಳು ಕಳೆದು ಉಳಿದ ದಿನಗಳನ್ನು ಕೊಡುವ ಎಂಡಿ ಎಂಬ ಸಂಕೇತವನ್ನು ಮಾತ್ರ ಬಳಸದಿರುವುದು ಲೇಸು. ಅದರಿಂದ ಸೊನ್ನೆಯೋ ಋಣ ಸಂಖ್ಯೆಯೋ ತಪ್ಪು ಉತ್ತರವೋ ಬರಬಹುದೆಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಎಚ್ಚರಿಸಿದೆ. ಬಿಡಿ ದಿನಗಳು ಬೇಕಾದಾಗ ಇಡೇಟ್‌ನಿಂದ ಪೂರ್ಣ ತಿಂಗಳುಗಳ ದಿನಾಂಕವನ್ನು ಪಡೆದು, ಹಣ ಬಂದ ದಿನಾಂಕದಿಂದ ಅದನ್ನು ಕಳೆಯಬಹುದು. ಪ್ರತಿ ತಿಂಗಳನ್ನೂ 30 ದಿನವೆಂದೇ ಹಿಡಿಯುವ ಡೇಸ್360 ಎಂಬ ಸೂತ್ರಕ್ಕೆ ಈ ಮೇಲಿನ ಯಾವ ಗಡುವಿನಲ್ಲಿಯೂ ಸ್ಥಾನವಿಲ್ಲ.

ಸರಕು ಸಿದ್ಧಪಡಿಸಲು ಎಷ್ಟು ಕೆಲಸದ ದಿನಗಳಿವೆ ಎಂದು ತಿಳಿಯಲು ನೆಟ್‌ವರ್ಕ್‌ಡೇಸ್ ಸೂತ್ರವಿದೆ. ಅದು ಶನಿವಾರ ಭಾನುವಾರಗಳೆರಡನ್ನೂ ರಜೆಯೆಂದು ಬಿಡುತ್ತದೆ. ಭಾನುವಾರ ಮಾತ್ರ ರಜೆಯಿರುವ ಕಾರ್ಖಾನೆಗಳಿಗೆ ಎಕ್ಸೆಲ್‌ನ 2010ರ ಆವೃತ್ತಿಯಿಂದ ಬಂದ ನೆಟ್‌ವರ್ಕ್‌ಡೇಸ್.ಇಂಟ್ಲ್ ಸೂತ್ರದಲ್ಲಿ 11 ಎಂಬ ಸಂಕೇತವನ್ನು ಕೊಡಬೇಕು. ಹಬ್ಬದ ರಜೆಗಳ ಪಟ್ಟಿಯನ್ನೂ ಕೊನೆಯಲ್ಲಿ ಸೇರಿಸಬಹುದು. ಈ ಸೂತ್ರಗಳು ಕಳೆಯುವ ಲೆಕ್ಕದಂತಲ್ಲದೆ ಮೊದಲನೆಯ ದಿನವನ್ನೂ ಸೇರಿಸಿಯೇ ಎಣಿಸುತ್ತವೆ. 2025ರ ಏಪ್ರಿಲ್ 1ರಿಂದ 16ರವರೆಗೆ ಎರಡು ಭಾನುವಾರಗಳು; ಹಬ್ಬದ ರಜೆಗಳನ್ನು ಕೊಡದಿದ್ದರೆ ಉತ್ತರ 14 ಬರುತ್ತದೆ. ಆದೇಶ ಕೈಸೇರಿದ ದಿನ ಯಂತ್ರ ಓಡದಿದ್ದರೆ ಅದರಿಂದ ಒಂದನ್ನು ಕಳೆದು, 13 ದಿನಗಳ ಲೆಕ್ಕದಲ್ಲಿಯೇ ಗಿರಾಕಿಗೆ ದಿನಾಂಕ ತಿಳಿಸಬೇಕು.